ಸಮುದ್ರದಡಿಯಲ್ಲಿ ಅಕ್ಕನ ಬೈಗುಳ

ಇವತ್ತು ಬೆಳಿಗ್ಗೆ ನಮ್ಮ ಬಾವಿಗೆ ಕೊಡಪಾನ ಬಿತ್ತು. ಕರೆಂಟು ಇರಲಿಲ್ಲ, ಪಂಪು ಸುಮ್ಮನೆ ಕೂತಿತ್ತು. "ಒಂದು ಕೊಡ ನೀರು ಸೇದಿ ಕೊಡಿ" ಎಂದಳು ಹೆಂಡತಿ. ಬಾವಿಕಟ್ಟೆಯಿಂದ ಸಾಧ್ಯವಾದಷ್ಟು ದೂರವೇ ಇರುವ ಮನುಷ್ಯ ನಾನು. ನೈಲಾನ್ ಹಗ್ಗದ ಕುಣಿಕೆ ತೆಂಗಿನ ನಾರಿನ ಹಗ್ಗದ ಹಾಗೆ ತನ್ನಷ್ಟಕ್ಕೆ ಬಿಗಿದುಕೊಳ್ಳುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಕೊಡಪಾನ ಬಿದ್ದ ಮೇಲೆ. ಮೊದಲು ಕೈಯಲ್ಲಿದ್ದ ಹಗ್ಗ ಹಗುರವಾಯಿತು, ಆಮೇಲೆ ಕೆಳಗಿನಿಂದ ಗುಳುಗುಳು ಎಂದು ಸದ್ದು ಬಂತು. ತಾಮ್ರದ ಕೊಡಪಾನ, ಅವಳ ತವರಿನಿಂದ ಬಂದದ್ದು. ಅವಳು ಏನೂ ಹೇಳಲಿಲ್ಲ. ಹೆಂಡತಿ ಏನೂ ಹೇಳದಿದ್ದರೆ ಅದರ ಅರ್ಥವೇನೆಂದು ಮದುವೆಯಾದವರಿಗೆ ನಾನು ವಿವರಿಸಬೇಕಾಗಿಲ್ಲ.

ಆ ಗುಳುಗುಳು ಕೇಳಿದ್ದೇ ತಡ, ನನಗೆ ಅಂಡಮಾನಿನ ಒಂದು ದ್ವೀಪ ನೆನಪಾಯಿತು. ಈಗ ನಾವಿರುವ ಪುತ್ತಿಗೆಯ ಬಾವಿಗೂ ಅಂಡಮಾನಿಗೂ ಎತ್ತಣ ಸಂಬಂಧ ಎಂದು ಕೇಳಿದರೆ, ಸಂಬಂಧ ನಮ್ಮ ಅಕ್ಕ.

ನಾವು ಹುಟ್ಟಿ ಬೆಳೆದದ್ದು ವಾಮದಪದವಿನಲ್ಲಿ. ಪಂಪುಗಳು ಇನ್ನೂ ಬಾರದ ಕಾಲ. ಯಾರದಾದರೂ ಮನೆಯಲ್ಲಿ ಕೊಡಪಾನ ಬಾವಿಗೆ ಬೀಳುತ್ತಲೇ ಇತ್ತು. ಬಿದ್ದದ್ದನ್ನು ಎತ್ತಲು ಪಾತಾಳಗರಡಿ ಎಂಬ ಕೊಕ್ಕೆಗಳ ಗೊಂಚಲು ಊರಿಗೆಲ್ಲ ಒಂದೇ ಇತ್ತು. ಅದು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ, ಬೇಕಾದಾಗ ಯಾರ ಮನೆಯಲ್ಲಿ ಇದೆಯೆಂಬುದೂ ತಿಳಿಯುತ್ತಿರಲಿಲ್ಲ. ಅದನ್ನು ಹುಡುಕುವುದಕ್ಕಿಂತ ನಮ್ಮ ಅಕ್ಕನನ್ನು ಕರೆಯುವುದು ಸುಲಭವಾಗಿತ್ತು. ಅವಳು ಲಂಗವನ್ನು ಕಚ್ಚೆಯ ಹಾಗೆ ಸಿಕ್ಕಿಸಿಕೊಂಡು, ಬಾವಿಯ ಮುರಕಲ್ಲಿನ ಗೋಡೆಯಲ್ಲಿ ಕೊರೆದಿದ್ದ ಗುಳಿಗಳಿಗೆ ಕಾಲು ಕೊಟ್ಟು ಇಳಿದು, ನೀರಿನ ಹತ್ತಿರ ಒಮ್ಮೆ ಎದೆ ತುಂಬ ಉಸಿರೆಳೆದು, ಮುಳುಗುತ್ತಿದ್ದಳು. ಮೇಲೆ ನಿಂತ ಹೆಂಗಸರೂ ಅವಳ ಜೊತೆಗೇ ಉಸಿರು ಹಿಡಿಯುತ್ತಿದ್ದರು. ಅವರದ್ದು ಮುಗಿದು, ಇನ್ನೊಮ್ಮೆ ಹಿಡಿದು, ಅದೂ ಮುಗಿದ ಮೇಲೆ ಅಕ್ಕ ಕೊಡಪಾನದ ಕುತ್ತಿಗೆ ಹಿಡಿದು ಮೇಲೆ ಬರುತ್ತಿದ್ದಳು. ಮನೆಯವರು ಅವಳಿಗೆ ಒಂದು ದೊಡ್ಡ ತುಂಡು ಬೆಲ್ಲ ಕೊಡುತ್ತಿದ್ದರು. ಅದು ಊರಿನ ಕ್ರಮ. ಅದರಲ್ಲಿ ಅರ್ಧ ನನಗೆ. ಹಾಗಾಗಿ, ನೀರೆಂದರೆ ನಡುಗುತ್ತಿದ್ದ ನಾನು ಊರಿನವರ ಕೊಡಪಾನ ಬೀಳಲಿ ಎಂದು ದೇವರಲ್ಲಿ ಬೇಡಿಕೊಂಡದ್ದುಂಟು.

ಒಂದು ದಿನ ನಮ್ಮದೇ ಮನೆಯ ಬಾವಿಯಲ್ಲಿ ಅಕ್ಕ ಮುಳುಗಿದವಳು ಬೇಗ ಮೇಲೆ ಬರಲಿಲ್ಲ. ತುಳಸಿಗೆ ನೀರು ಹಾಕಲು ಬಂದ ಅಜ್ಜಿ ಬಾವಿಗೆ ಇಣುಕಿ ನೋಡಿ ಎದೆ ಬಡಿದುಕೊಂಡರು. ಅಷ್ಟರಲ್ಲಿ ಅಕ್ಕ ಮೇಲೆ ಬಂದಳು, ಕೊಡಪಾನ ಸಮೇತ, ಮುಖದಲ್ಲಿ ಸುಖ. ಅಜ್ಜಿಗೆ ಸಿಟ್ಟು ಬಂದದ್ದು ಆ ಸುಖ ನೋಡಿಯೇ ಎಂದು ಈಗ ನನಗೆ ಅನಿಸುತ್ತದೆ. "ಮೈನೆರೆದ ಹುಡುಗಿ ನೀನು. ಇನ್ನು ಬಾವಿಗೆ ಇಳಿದರೆ ನನ್ನ ಮೇಲೆ ಆಣೆ ಉಂಟು" ಎಂದರು. ಆವತ್ತು ಬೆಲ್ಲ ಯಾರೂ ಕೊಡಲಿಲ್ಲ. ಯಾಕೆ ಅಷ್ಟು ಹೊತ್ತು ಕೆಳಗೆ ಇದ್ದದ್ದು ಎಂದು ನಾನು ಕೇಳಿದ್ದಕ್ಕೆ ಅಕ್ಕ, "ಅಲ್ಲಿ ಯಾರೂ ಕರೆಯುವುದಿಲ್ಲ ಮಾರಾಯ" ಎಂದಳು. ನಿಜವೇ. ಹಿರಿ ಮಗಳು, ಬೆಳಗಾದರೆ ಒಲೆಯ ಹತ್ತಿರದಿಂದ ಒಬ್ಬರು, ದನದ ಹಟ್ಟಿಯಿಂದ ಒಬ್ಬರು ಅವಳನ್ನು ಕರೆಯುತ್ತಲೇ ಇರುತ್ತಿದ್ದರು.

ಅಲ್ಲಿಂದ ಅಕ್ಕ ನೀರಿಗೆ ಇಳಿಯಲಿಲ್ಲ. ಮದುವೆಯಾಗಿ ಮುಂಬೈಗೆ ಹೋದಳು. ಭಾವನದ್ದು ಅಲ್ಲಿ ಹೋಟೆಲು. ಸಮುದ್ರದ ಪಕ್ಕದಲ್ಲೇ ಅರ್ಧ ಆಯುಷ್ಯ ಕಳೆದರೂ ಪಾದ ಒದ್ದೆ ಮಾಡಿಕೊಂಡದ್ದು ಬಿಟ್ಟರೆ ಬೇರೇನಿಲ್ಲ. ಹೋಟೆಲಿನ ಹುಡುಗರನ್ನು ಬಯ್ದು ಬಯ್ದು ಅವಳ ಬಾಯಿ ಮಾತ್ರ ಎಂಥ ಹದಕ್ಕೆ ಬಂದಿತ್ತೆಂದರೆ, ಭಾವ ಹೋಟೆಲು ಮಾರಿ ಫರಂಗಿಪೇಟೆಯಲ್ಲಿ ಮನೆ ಮಾಡಿದಾಗ ಬಯ್ಯಲು ಜನ ಸಾಲದೆ ಅವಳು ದಿನಕ್ಕೆರಡು ಸಲ ನನಗೆ ಫೋನು ಮಾಡುತ್ತಿದ್ದಳು. ನಾನು ಬೆಳ್ತಂಗಡಿಯ ಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು, ಕೇಳಿಸಿಕೊಳ್ಳುವುದಕ್ಕೆ ಸಮಯ ಧಾರಾಳವಾಗಿತ್ತು.

ಹಾಗೆ ಒಂದು ದಿನ ಫೋನು ಬಂತು. "ನಾನೊಂದು ವಿಡಿಯೋ ಕಳಿಸಿದ್ದೇನೆ, ನೋಡು." ನೋಡಿದೆ. ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡ ಹೆಂಗಸೊಬ್ಬಳು ಸಮುದ್ರದಡಿಯಲ್ಲಿ ಮೀನುಗಳ ನಡುವೆ ತೇಲುತ್ತಿದ್ದಳು. "ಇದಕ್ಕೆ ಹೋಗುವ" ಎಂದಳು ಅಕ್ಕ. ಭಾವನನ್ನು ಕರೆದುಕೊಂಡು ಹೋಗು ಎಂದು ನಾನು ಹೇಳಿ ನೋಡಿದೆ. "ಅವರಿಗೆ ಮೊಣಗಂಟು ನೋವು. ಮುಳುಗಲಿಕ್ಕೆ ಅಂಡಮಾನಿಗೆ ಯಾಕೆ, ಹಿತ್ತಿಲಲ್ಲೇ ನೇತ್ರಾವತಿ ಉಂಟಲ್ಲ ಅಂತ ಹೇಳ್ತಾರೆ. ಎಂಥ ಜನ!" ಮತ್ತೆ ದನಿ ತಗ್ಗಿಸಿ ಹೇಳಿದಳು: "ತಮ್ಮಾ, ಒಮ್ಮೆ ಅಡಿ ಮುಟ್ಟಬೇಕು ನನಗೆ. ಅಜ್ಜಿ ಬಾವಿಯಿಂದ ಹತ್ತಿಸಿದ ಮೇಲೆ ಇಳಿಯಲೇ ಇಲ್ಲ. ಇನ್ನೂ ತಡ ಮಾಡಿದರೆ ಆಮೇಲೆ ಆಗುವುದಿಲ್ಲ." ಅಕ್ಕ ಬೇಡಿದ್ದು ಕೇಳಿ ನನಗೆ ಅಭ್ಯಾಸವಿರಲಿಲ್ಲ. ಒಪ್ಪಿಕೊಂಡುಬಿಟ್ಟೆ. ಮೂಡುಬಿದಿರೆಯ ಡಾಕ್ಟರು ಇಬ್ಬರ ಎದೆಯನ್ನೂ ಪರೀಕ್ಷಿಸಿ, ತೊಂದರೆ ಇಲ್ಲ ಎಂದರು. ಅವರಾದರೂ ಬೇಡ ಎನ್ನುತ್ತಾರೆಂದು ನಾನು ನಂಬಿಕೊಂಡಿದ್ದೆ.

ದ್ವೀಪದ ವರ್ಣನೆ ನಾನು ಮಾಡುವುದಿಲ್ಲ, ಅದು ಕ್ಯಾಲೆಂಡರಿನಲ್ಲಿ ಇರುವ ಹಾಗೆಯೇ ಉಂಟು. ತೆಂಗಿನ ಮರ, ಬಿಳಿ ಹೊಯ್ಗೆಯ ದಡ, ನೀಲಿ ನೀರು. "ತೆಂಗಿನ ಮರ ನೋಡಲಿಕ್ಕೆ ವಿಮಾನ ಹತ್ತಿ ಬಂದೆವಲ್ಲ" ಎಂದಳು ಅಕ್ಕ. ಹೋಟೆಲಿನ ಮೀನುಸಾರಿಗೆ ಹುಳಿ ಸಾಲದೆಂದು ಅಡುಗೆಯವನನ್ನು ಹೊರಗೆ ಕರೆಸಿದಳು. ಅವನು ಹೆದರಿಕೊಂಡೇ ಬಂದ, ಹೋಗುವಾಗ ನಮ್ಮ ಪುಳಿಮುಂಚಿ ಮಾಡುವ ಕ್ರಮ ಕಲಿತುಕೊಂಡು ಹೋದ.

ನೀರಿಗಿಳಿಯುವ ತರಬೇತಿ ಕೊಡುವವಳ ಹೆಸರು ಸೆಲ್ವಿ. ದ್ವೀಪದಲ್ಲೇ ಹುಟ್ಟಿದ ಹುಡುಗಿ, ಹಿಂದಿ ಮಾತಾಡುತ್ತಿದ್ದಳು. ಅಕ್ಕನದ್ದು ಮುಂಬೈ ಹೋಟೆಲಿನ ಅಡುಗೆಮನೆಯ ಹಿಂದಿ. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಸೆಲ್ವಿ ಮೊದಲು ಹೇಳಿದ ಪಾಠ ಒಂದೇ: "ನೀರೊಳಗೆ ಉಸಿರು ಹಿಡಿಯಬಾರದು. ಬಾಯಿಯ ಕೊಳವೆಯಿಂದ ಎಳೆಯಿರಿ, ಬಿಡಿ, ಎಳೆಯಿರಿ, ಬಿಡಿ. ಹಿಡಿದುಕೊಂಡು ಮೇಲೆ ಬಂದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು." ಅಕ್ಕ ನನ್ನ ಕಡೆ ತಿರುಗಿ, "ಇವಳಿಗೆ ಏನು ಗೊತ್ತುಂಟು?" ಎಂದು ತುಳುವಿನಲ್ಲಿ ಹೇಳಿದಳು.

ಎದೆಮಟ್ಟದ ನೀರಿನಲ್ಲಿ ಪರೀಕ್ಷೆ. ನಾನು ಪ್ರಾಣಭಯದಿಂದ ಕಮ್ಮಾರನ ತಿದಿಯ ಹಾಗೆ ಉಸಿರಾಡಿದೆ, ಗುಳ್ಳೆಗಳು ಬಳಬಳ ಎದ್ದವು. "ಅಂಕಲ್, ತುಂಬಾ ಚೆನ್ನಾಗಿದೆ!" ಎಂದಳು ಸೆಲ್ವಿ. ಬದುಕಿನಲ್ಲಿ ನನ್ನ ಹೆದರಿಕೆಯನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಆಮೇಲೆ ಅಕ್ಕ ಮುಳುಗಿದಳು. ಒಂದು ಗುಳ್ಳೆಯೂ ಇಲ್ಲ. ಸೆಲ್ವಿ ಅವಳ ಭುಜ ತಟ್ಟಿದಳು, ಸನ್ನೆ ಮಾಡಿದಳು, ಕಡೆಗೆ ಎಬ್ಬಿಸಿದಳು. ಮತ್ತೆ ಮುಳುಗಿಸಿದರೆ ಮತ್ತೆ ಹಾಗೆಯೇ. ಎದೆ ತುಂಬ ಗಾಳಿ ಹಿಡಿದ ಅಕ್ಕ ಒಣ ತೆಂಗಿನಕಾಯಿಯ ಹಾಗೆ ಮೇಲೆ ಮೇಲೆ ತೇಲುತ್ತಿದ್ದಳು. ಅವಳು ಹಟ ಮಾಡುತ್ತಿರಲಿಲ್ಲ. ತಲೆ ನೀರೊಳಗೆ ಹೋದ ಕೂಡಲೇ ಬಾವಿಯ ಅಭ್ಯಾಸ ತಾನಾಗಿ ಬಂದು ಬಾಗಿಲು ಹಾಕಿಬಿಡುತ್ತಿತ್ತು.

ಸೆಲ್ವಿ ಮರ್ಯಾದೆಯಿಂದಲೇ ಹೇಳಿದಳು: "ಆಂಟಿ, ಹೀಗಾದರೆ ಆಳಕ್ಕೆ ಕರೆದುಕೊಂಡು ಹೋಗಲಾರೆ. ನಾಳೆ ಬೆಳಿಗ್ಗೆ ಇನ್ನೊಮ್ಮೆ ನೋಡೋಣ. ಆಗದಿದ್ದರೆ ನೀವು ದೋಣಿಯಲ್ಲೇ ಕೂರಬೇಕು." ನಾಡಿದ್ದು ನಾವು ಹೊರಡುವವರು.

ಸಂಜೆ ಅಕ್ಕ ಹೊಯ್ಗೆಯ ಮೇಲೆ ಕೂತಿದ್ದಳು. ಬಯ್ಯುತ್ತಿರಲಿಲ್ಲ, ಅದೇ ನನಗೆ ಗಾಬರಿ. ಊರಿನಿಂದ ತಂದ ಬೆಲ್ಲದ ಅಚ್ಚು ಚೀಲದಲ್ಲಿತ್ತು. ಒಂದು ತುಂಡು ಮುರಿದು ಕೊಟ್ಟೆ. ಅವಳು ಕೈ ಚಾಚಲಿಲ್ಲ.

"ಕೊಡಪಾನ ತಂದವಳಿಗೆ ಬೆಲ್ಲ. ತಾರದವಳಿಗೆ ಯಾಕೆ?"

"ನಾಳೆ ಉಂಟಲ್ಲ ಅಕ್ಕ."

"ನಾಳೆಯೂ ಹೀಗೇ. ಉಸಿರು ಬಿಡಬೇಕು ಅಂತ ಗೊತ್ತುಂಟು ಮಾರಾಯ, ಆದರೆ ಒಳಗೆ ಹೋದ ಮೇಲೆ ಬಿಡ್ಲಿಕ್ಕೆ ಆಗುವುದಿಲ್ಲ. ಇದೊಂದು ನನಗೆ ಬರ್ತದೆ ಅಂತ ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಈಗ ಅದೇ ಬೇಡವಂತೆ." ಅವಳ ಕಣ್ಣು ತುಂಬಿತು. ನನಗೂ ದುಃಖವಾಯಿತು. ಬಾವಿಕಟ್ಟೆಯ ಸುತ್ತ ಊರೇ ಉಸಿರು ಹಿಡಿದು ನಿಂತದ್ದನ್ನು ಕಂಡವನಲ್ಲವೇ ನಾನು?

ಅದೇ ಹೊತ್ತಿಗೆ ಒಂದು ನಾಯಿ ಬಂದು ಅಕ್ಕನ ಚಪ್ಪಲಿ ಕಚ್ಚಿಕೊಂಡು ಓಡಿತು. ಅಕ್ಕ ಎದ್ದಳು. ನಾಯಿಯಿಂದ ಶುರುವಾದದ್ದು ಅದನ್ನು ಸಾಕಿದವರಿಗೆ ಹೋಗಿ, ದ್ವೀಪಕ್ಕೆ ಹೋಗಿ, ಬೆಲ್ಲ ಹಿಡಿದು ಪಿಳಿಪಿಳಿ ನೋಡುತ್ತಾ ಕೂತಿದ್ದ ನನಗೆ ಬಂತು. ನಾನು ಕೇಳುತ್ತಾ ಕೂತೆ. ಕೇಳುತ್ತಿದ್ದಂತೆ ನನ್ನ ಮಂಡೆಗೆ ಹೊಳೆಯಿತು. ಬಯ್ಯುವವರಿಗೆ ಉಸಿರು ಹಿಡಿಯಲು ಸಾಧ್ಯವೇ ಇಲ್ಲ.

"ಅಕ್ಕ, ನಾಳೆ ನೀರೊಳಗೆ ನನಗೆ ಬಯ್ಯಿ."

"ಎಂಥದು?"

"ಕೊಳವೆ ಕಚ್ಚಿಕೊಂಡೇ ಬಯ್ಯಿ. ನಿಲ್ಲಿಸಬೇಡ. ಶಬ್ದ ಬಾರದಿದ್ದರೂ ಗಾಳಿ ಹೊರಗೆ ಬರ್ತದೆ."

"ನಿನಗೆ ಮಂಡೆ ಸಮ ಉಂಟಾ?" ಎಂದಳು. ಸ್ವಲ್ಪ ಯೋಚಿಸಿ, "ಬಯ್ಲಿಕ್ಕೆ ವಿಷಯ ಏನೋ ಬೇಕಷ್ಟು ಉಂಟು" ಎಂದಳು.

ಮಾರನೆಯ ಬೆಳಿಗ್ಗೆ ಎದೆಮಟ್ಟದ ನೀರಿನಲ್ಲಿ ಅಕ್ಕ ಮುಳುಗಿದಳು. ಕ್ಷಣ ಕಾಲ ಏನೂ ಇಲ್ಲ. ಆಮೇಲೆ "ಗ್ರ್ರ್ರ್" ಎಂಬ ಸದ್ದಿನೊಂದಿಗೆ ಗುಳ್ಳೆಗಳು ಎದ್ದವು. ಎಳೆದಳು, ಮತ್ತೆ ಬಯ್ದಳು, ಮತ್ತೆ ಗುಳ್ಳೆ. ಸೆಲ್ವಿ ಅವಳನ್ನು ಎಬ್ಬಿಸದೆ ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ಆಂಟಿ ಏನು ಮಂತ್ರ ಹೇಳುತ್ತಿದ್ದಾರೆ?" ಎಂದಳು. "ನಮ್ಮ ಮನೆತನದ ಮಂತ್ರ" ಎಂದೆ.

ದೋಣಿ ನಮ್ಮನ್ನು ಆಳವಿರುವಲ್ಲಿಗೆ ಒಯ್ದಿತು. ಸೆಲ್ವಿ ಅಕ್ಕನ ಜೊತೆ, ಇನ್ನೊಬ್ಬ ತರಬೇತುದಾರ ನನ್ನ ಜೊತೆ. ಕೆಳಗೆ ಕಂಡ ಹವಳ, ಬಣ್ಣದ ಮೀನುಗಳ ವಿಷಯ ನನ್ನನ್ನು ಕೇಳಬೇಡಿ. ಅರ್ಧ ಹೊತ್ತು ನಾನು ಕಣ್ಣು ಮುಚ್ಚಿದ್ದೆ, ಇನ್ನರ್ಧ ಹೊತ್ತು ಅಕ್ಕನನ್ನು ನೋಡುತ್ತಿದ್ದೆ. ಮೊದಮೊದಲು ಅವಳ ಗುಳ್ಳೆಗಳು ಜೋರಾಗಿ, ತುಂಡು ತುಂಡಾಗಿ ಏಳುತ್ತಿದ್ದವು. ಬರಬರುತ್ತಾ ನಿಧಾನವಾದವು. ಗುರ್ರೆನ್ನುವ ಸದ್ದು ನಿಂತಿತು. ನನಗೆ ಜೀವ ಬಾಯಿಗೆ ಬಂತು, ಮತ್ತೆ ಉಸಿರು ಹಿಡಿದಳಲ್ಲ ಎಂದು. ಆದರೆ ಗುಳ್ಳೆಗಳು ನಿಂತಿರಲಿಲ್ಲ. ಒಂದೇ ಸಮನೆ, ಸಣ್ಣಗೆ, ಏಳುತ್ತಲೇ ಇದ್ದವು. ಹವಳವಿಲ್ಲದ ಬರೀ ಹೊಯ್ಗೆಯ ಜಾಗ ಬಂದಾಗ ಅಕ್ಕ ಸೆಲ್ವಿಗೆ ಬೆರಳು ತೋರಿಸಿದಳು. ಸೆಲ್ವಿ ಅವಳನ್ನು ಮೆಲ್ಲನೆ ಇಳಿಸಿದಳು. ಅಕ್ಕ ಅಂಗೈ ಬಿಡಿಸಿ ಅಡಿ ಮುಟ್ಟಿದಳು, ಹಾಗೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡಳು.

ದೋಣಿಗೆ ಹತ್ತಿದವಳು ಮೊದಲು ಹೇಳಿದ ಮಾತು, "ಬೆಲ್ಲ ಎಲ್ಲಿ?" ಕೊಟ್ಟೆ. ಅರ್ಧ ಮುರಿದು ನನಗೆ ಕೊಟ್ಟಳು.

"ಯಾರಿಗೆಲ್ಲ ಬಯ್ದೆ ಅಕ್ಕ?"

"ಮೊದಲು ನಿನಗೆ. ಆಮೇಲೆ ನಿನ್ನ ಭಾವನಿಗೆ. ಮತ್ತೆ ಹೋಟೆಲಿನ ಹುಡುಗರು, ಒಬ್ಬೊಬ್ಬರಿಗೆ. ಆಮೇಲೆ ಅಜ್ಜಿಗೆ." ಬೆಲ್ಲ ಚೀಪಿದಳು. "ಅಜ್ಜಿಗೆ ಸಮಾ ಬಯ್ದೆ ಮಾರಾಯ. ಬದುಕಿದ್ದಾಗ ಒಂದು ಮಾತು ಎದುರಾಡಿದವಳಲ್ಲ."

"ಆಮೇಲೆ?"

"ಆಮೇಲೆ ಬಯ್ಲಿಕ್ಕೆ ಯಾರೂ ಉಳಿಯಲಿಲ್ಲ. ಸುಮ್ಮನೆ ಉಸಿರಾಡಿದೆ."

ಊರಿಗೆ ಬಂದ ಮೇಲೆ ಅಕ್ಕನ ಫೋನು ಕಡಿಮೆಯಾಯಿತು. ಭಾವ ಒಮ್ಮೆ ನನ್ನನ್ನು ಗುಟ್ಟಾಗಿ ಕೇಳಿದರು: "ಅಲ್ಲಿ ಅವಳಿಗೆ ಏನು ಮಾಡಿದಿರಿ? ಮನೆಯಲ್ಲಿ ಶಬ್ದವೇ ಇಲ್ಲ." ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಬೇಜಾರಾಗಿತ್ತು.

ಹಾಗಾಗಿ ಇವತ್ತು ಕೊಡಪಾನ ಬಿದ್ದಾಗ ಬೈಗುಳದ ಆಸೆಯಿಂದಲೇ ಅಕ್ಕನಿಗೆ ಫೋನು ಮಾಡಿದೆ. ಅವಳು ನಕ್ಕಳು. "ನೀರು ಎಷ್ಟುಂಟು?" "ಬೇಸಗೆಯಲ್ಲವಾ, ಎದೆಮಟ್ಟ ಇರಬಹುದು." "ಹಾಗಾದರೆ ನೀನೇ ಇಳಿ." "ನಾನಾ?" "ಸಮುದ್ರಕ್ಕೆ ಇಳಿದವನಿಗೆ ಬಾವಿಗೆ ಎಂಥ ಹೆದರಿಕೆ? ಫೋನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಡು. ಸೊಂಟಕ್ಕೆ ಹಗ್ಗ ಕಟ್ಟಿಕೊ. ಕುಣಿಕೆ ನೀನು ಹಾಕಬೇಡ, ಹೆಂಡತಿಗೆ ಹೇಳು."

ಇಳಿದೆ. ಮುರಕಲ್ಲಿನ ಗುಳಿಗಳಿಗೆ ಒಂದೊಂದೇ ಕಾಲು ಕೊಟ್ಟು, ಹುಟ್ಟಿದಂದಿನಿಂದ ದೂರವಿಟ್ಟ ಕತ್ತಲೆಗೆ ಇಳಿದೆ. ಮೇಲೆ ಅಕ್ಕ ಫರಂಗಿಪೇಟೆಯಿಂದ ಬಯ್ಯುತ್ತಿದ್ದಳು. ನನಗೆ, ನೈಲಾನ್ ಹಗ್ಗಕ್ಕೆ, ಕರೆಂಟಿನವರಿಗೆ. ಬಾವಿಯೊಳಗೆ ಅದು ಸುತ್ತಲಿನಿಂದಲೂ ಕೇಳುತ್ತಿತ್ತು. ಹೀಗೆ ಬಯ್ಸಿಕೊಂಡು ಎಷ್ಟು ಕಾಲವಾಗಿತ್ತು! ನೀರು ಎದೆಗೆ ಬಂತು, ಕಾಲಿಗೆ ತಾಮ್ರದ ಅಂಚು ತಗಲಿತು. ಇನ್ನು ತಲೆ ಮುಳುಗಿಸದೆ ಉಪಾಯವಿಲ್ಲ.

"ಸಿಕ್ಕಿತು ಅಕ್ಕ" ಎಂದು ಕೂಗಿದೆ.

ಬೈಗುಳ ನಿಂತಿತು. "ಎದೆ ತುಂಬ ಎಳೆದುಕೊ ತಮ್ಮಾ" ಎಂದಳು ಅಕ್ಕ. "ಇದು ಬಾವಿ. ಈಗ ಉಸಿರು ಹಿಡಿ, ನಾನೂ ಹಿಡೀತೇನೆ."