ಅಕ್ತರ್ ಊದಿದ ಮುಚ್ಚಳ

ನನಗೊಂದು ಮಾತು ಹೇಳದೆ ಗುತ್ತಿಗೆದಾರರು ಅಕ್ತರ್‌ನನ್ನು ಹಲಸೂರು ಕೆರೆಗೆ ಕರೆಸಿದ್ದನ್ನು ನಾನು ಇನ್ನೂ ಮರೆತಿಲ್ಲ. ಅಲ್ಲಿ ಕಳೆ ತೆಗೆಯುವ ದೋಣಿಯ ಮೋಟರು ನೋಡಿಕೊಳ್ಳುವವನು ನಾನು. ಜೋಗುಪಾಳ್ಯದ ನನ್ನ ಗ್ಯಾರೇಜಿಗೆ ಬೋರ್ಡಿಲ್ಲ. ಕೆರೆ ಮೋಟರ್ ಮುನಿರಾಜ್ ಎಂದರೆ ಆಟೋದವರು ಬಾಗಿಲಿಗೇ ತಂದು ಬಿಡುತ್ತಾರೆ. ನನಗಿರುವ ಹೆಸರು ಅದೊಂದೇ. ಅದಕ್ಕೂ ಅವನೇ ಬರಬೇಕಿತ್ತೆ?

ಅಕ್ತರ್ ಶಿವಾಜಿನಗರದವನು. ಅಲ್ಲಿಯ ಗುಜರಿ ಓಣಿಯಲ್ಲಿ ನಾವಿಬ್ಬರೂ ಒಬ್ಬರೇ ಉಸ್ತಾದರ ಕೈಕೆಳಗೆ ಕೆಲಸ ಕಲಿತವರು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದೆ, ಅವನು ಅಷ್ಟೂ ಓದಿರಲಿಲ್ಲ. ಆದರೂ ಉಸ್ತಾದರಿಗೆ ಅವನೇ ಮುದ್ದು. ನಾನು ಸ್ಪ್ಯಾನರ್ ಎಸೆಯುತ್ತಿದ್ದೆ, ಅವನು ಒರೆಸಿಡುತ್ತಿದ್ದ. ಗಾಡಿ ಬಂದರೆ ಮೊದಲು ಕೈ ಹಾಕುತ್ತಿರಲಿಲ್ಲ. ಗಿರಾಕಿಯನ್ನು ಕೂರಿಸಿಕೊಂಡು, ಕೆಡುವ ಮುಂಚೆ ಏನೇನಾಯಿತು ಎಂದು ವಿಚಾರಿಸುತ್ತಿದ್ದ, ಹೆಣ್ಣು ನೋಡಲು ಬಂದವರ ಹಾಗೆ. ಅಷ್ಟರಲ್ಲಿ ನಾನು ಅರ್ಧ ಇಂಜಿನ್ ಬಿಚ್ಚಿರುತ್ತಿದ್ದೆ. ಗಿರಾಕಿಗಳು ಮಾತ್ರ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಅವನದೇ ಅಂಗಡಿಯಾಯಿತು. ಒಮ್ಮೆ ನನ್ನ ಹೆಂಡತಿಯೇ ಅಲ್ಲಿ ಮಿಕ್ಸಿ ರಿಪೇರಿ ಮಾಡಿಸಿಕೊಂಡು ಬಂದು, ಆ ಮನುಷ್ಯ ಎಷ್ಟು ಮೆತ್ತಗೆ ಮಾತಾಡುತ್ತಾರೆ ಎಂದಳು. ಆ ಮಿಕ್ಸಿಯಲ್ಲಿ ರುಬ್ಬಿದ ಚಟ್ನಿಯನ್ನು ನಾನು ಬಹಳ ದಿನ ಮುಟ್ಟಲಿಲ್ಲ.

ಆ ವರ್ಷ ಆಯುಧಪೂಜೆ ಮುಗಿಯುತ್ತಲೇ ದೋಣಿಯ ಮೋಟರು ಕೈಕೊಟ್ಟಿತು. ದಡದಲ್ಲಿ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ, ನಡುಕೆರೆಗೆ ಹೋದರೆ ಕೆಮ್ಮುತ್ತದೆ, ಮುಗ್ಗರಿಸುತ್ತದೆ, ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುತ್ತದೆ. ಪ್ಲಗ್ ಬದಲಿಸಿದೆ. ನೀರೊಳಗಿನ ಫ್ಯಾನಿಗೆ ಸುತ್ತಿಕೊಂಡಿದ್ದ ಕಳೆಯ ಬೇರು ಕಿತ್ತೆ. ಮೋಟರನ್ನೇ ಬಿಚ್ಚಿ ಗ್ಯಾರೇಜಿಗೆ ತಂದು ಕಾರ್ಬರೇಟರ್ ತೊಳೆದು, ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ, ಗೋಡೆಯ ಮೊಳೆಗೆ ಪೆಟ್ರೋಲ್ ಬಾಟಲಿ ನೇತುಹಾಕಿ ಓಡಿಸಿದೆ. ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಕೆರೆಗೆ ಒಯ್ದರೆ ಮತ್ತೆ ಅದೇ ಕೆಮ್ಮು.

ಕಳೆ ತೆಗೆಯುವ ಗುತ್ತಿಗೆ ಹಿಡಿದಿದ್ದವರು ದಾವಣಗೆರೆ ಕಡೆಯ ಗುರುಶಾಂತಪ್ಪ. ಅವರಿಗೆ ತಾಳ್ಮೆ ತಪ್ಪಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ದಡದಲ್ಲಿ ಅಕ್ತರ್ ನಿಂತಿದ್ದಾನೆ.

"ಬೇಜಾರ್ ಮಾಡ್ಕಬೇಡಪ್ಪ ಮುನಿರಾಜ. ಅಕ್ತರ್ ಭಾಯ್ ಕೈಲಿ ಓಡಿದ್ರೆ ಇನ್ಮ್ಯಾಲೆ ಕೆರೆ ಕೆಲಸ ಅವರಿಗೇ," ಎಂದರು ಗುರುಶಾಂತಪ್ಪ.

ಅಕ್ತರ್ ನನ್ನತ್ತ ತಿರುಗಿ ಎಂದಿನ ಪ್ರಶ್ನೆ ಕೇಳಿದ. "ಕೆಡೋಕ್ ಮುಂಚೆ ಏನ್ ಮಾಡಿದ್ರಿ ಮುನಿರಾಜಣ್ಣ?"

"ಪೂಜೆ ಮಾಡಿದ್ವಿ. ಅದೂ ತಪ್ಪಾ?"

ಅವನು ದೋಣಿ ಹತ್ತಿದ. ಯಾರೂ ಕರೆಯದಿದ್ದರೂ ನಾನೂ ಹತ್ತಿದೆ. ಅವನೇನು ಮಾಡುತ್ತಾನೋ ಕಣ್ಣಾರೆ ನೋಡದೆ ಬಿಡುವುದುಂಟೆ? ಗುರುಶಾಂತಪ್ಪ ದಡದಲ್ಲೇ ಉಳಿದರು.

ನಡುಕೆರೆಯಲ್ಲಿ ಕೆಮ್ಮು ಶುರುವಾದಾಗ ನನಗೆ ಒಳಗೊಳಗೇ ಖುಷಿ. ಅಕ್ತರ್ ಮೋಟರಿನ ಕಡೆ ನೋಡಲೇ ಇಲ್ಲ. ಟ್ಯಾಂಕಿನಿಂದ ಬರುವ ಪೈಪನ್ನು ತಡವಿದ. ಪೆಟ್ರೋಲ್ ಒತ್ತುವ ರಬ್ಬರ್ ಗುಂಡು ಚೀಪಿದ ಮಾವಿನಹಣ್ಣಿನಂತೆ ಒಳಕ್ಕೆ ಹೋಗಿತ್ತು. ಟ್ಯಾಂಕಿನ ಮುಚ್ಚಳ ಸಡಿಲಿಸಿದ. ಟ್ಯಾಂಕು ಸುಯ್ಯೆಂದು ಉಸಿರೆಳೆದುಕೊಂಡಿತು, ಮೋಟರಿನ ದನಿ ಸರಿಹೋಯಿತು.

ಮುಚ್ಚಳದ ನೆತ್ತಿಯಲ್ಲಿ ಗಾಳಿಗೆಂದು ಒಂದು ಸಣ್ಣ ತೂತು. ಅದರ ಮೇಲೆ ನಾನು ಹಚ್ಚಿದ್ದ ವಿಭೂತಿ, ಕುಂಕುಮ ಒಣಗಿ ಸಿಮೆಂಟಿನಂತೆ ಕೂತಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುತ್ತಿರಲಿಲ್ಲ. ಹಳೇ ಟ್ಯಾಂಕಿನ ಮುಚ್ಚಳ ಲೊಡಲೊಡ ಎನ್ನುತ್ತಿತ್ತು, ಎಷ್ಟು ಹಚ್ಚಿದರೂ ಸಂದಿಯಿಂದ ಗಾಳಿ ಹೋಗಿ ನಡೆಯುತ್ತಿತ್ತು, ಇದು ಹೊಸದು, ಬಿಗಿ. ನಾನು ಗ್ಯಾರೇಜಿನಲ್ಲಿ ಬಾಟಲಿ ಕಟ್ಟಿ ಓಡಿಸುವಾಗ ಇದು ದೋಣಿಯಲ್ಲೇ ಉಳಿದಿತ್ತು. ಕುಂಕುಮ ಇಡುವ ಜಾಗದಲ್ಲೇ ತೂತು ಕೊರೆದವನಿಗೆ ಬುದ್ಧಿ ಬೇಡವೆ?

ಅಕ್ತರ್ ಪಿನ್ನಿನಿಂದ ಕೆರೆದು, ಊದಿ, ತನ್ನ ಕರ್ಚೀಫನ್ನು ಕೆರೆನೀರಿನಲ್ಲಿ ಅದ್ದಿ ಮುಚ್ಚಳದ ಕೆಂಪೆಲ್ಲ ಒರೆಸಿದ. "ಮುಂದಿನ್ ಸಲ ಟ್ಯಾಂಕಿನ ಪಕ್ಕಕ್ಕೆ ಹಚ್ಚಿ ಅಣ್ಣ," ಎಂದ, ನನಗಷ್ಟೇ ಕೇಳುವಂತೆ.

ದಡಕ್ಕೆ ಬಂದಾಗ ಗುರುಶಾಂತಪ್ಪ ಏನಾಗಿತ್ತು ಎಂದು ಕೇಳಿದರು. ಉತ್ತರ ಕೊಟ್ಟವನು ಅಕ್ತರ್.

"ಕಸ ಕೂತಿತ್ತು ಸಾರ್, ಅಷ್ಟೇ. ದೊಡ್ಡ ಕೆಲಸ ಎಲ್ಲಾ ಅಣ್ಣನೇ ಮುಗ್ಸಿದ್ರು. ನಂಗೆ ಈ ಕೆರೆ ದೂರ ಆಗುತ್ತೆ, ಅವರ ಹತ್ರನೇ ಇರ್ಲಿ."

ಶಿವಾಜಿನಗರದಿಂದ ಹಲಸೂರು ಏನು ದೂರ? ನನ್ನದೇ ಕೆಲಸವನ್ನು ನನಗೇ ದಾನ ಕೊಟ್ಟಂತೆ ಕೊಟ್ಟ. ಮೈ ಉರಿದುಹೋಯಿತು. ನಾಳೆ ನಾನೇ ಆ ಮುಚ್ಚಳ ನೋಡುವವನಿದ್ದೆ ಎಂದು ಅವನಿಗೆ ಹೇಳಿದೆ.

"ಹೌದಣ್ಣ, ನೋಡ್ತಿದ್ರಿ," ಎಂದ. ನಗಲೂ ಇಲ್ಲ. ನಕ್ಕಿದ್ದರೆ ಒಂದು ಬಾರಿಸಿ ಸಮ ಮಾಡಿಕೊಳ್ಳುತ್ತಿದ್ದೆ.

ಈಗ ಅವನ ಅಂಗಡಿ ಕೆ.ಆರ್. ಪುರಂನಲ್ಲಿದೆ. ಆ ಕಡೆ ಹೋದಾಗ ಒಮ್ಮೆ ರಸ್ತೆಯಾಚೆ ಗಾಡಿ ನಿಲ್ಲಿಸಿದ್ದೆ. ಬೆಂಚಿನ ತುಂಬ ಜನ. ಅವನು ಯಾರನ್ನೋ ಕೂರಿಸಿಕೊಂಡು ಮೆತ್ತಗೆ ಏನೋ ಕೇಳುತ್ತಿದ್ದ. ಹಾಗೇ ವಾಪಸ್ ಬಂದೆ. ಕೆರೆ ಮೋಟರು ಇನ್ನೂ ನನ್ನ ಕೈಯಲ್ಲೇ ಇದೆ, ಕುಂಕುಮ ಟ್ಯಾಂಕಿನ ಪಕ್ಕಕ್ಕೇ ಹಚ್ಚುತ್ತೇನೆ. ಅವತ್ತು ದಡದಲ್ಲಿ ಅವನಿಗೆ ಹೇಳಬೇಕಿದ್ದ ಮಾತೊಂದು ನನ್ನ ಹತ್ತಿರವೇ ಉಳಿದಿದೆ. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ.