ಕಾವಲಿಯ ಮೇಲೆ ಎದ್ದ ಆವಿ

೨೦೧೯ರ ಫೆಬ್ರುವರಿ ೧೧, ಸೋಮವಾರ. ಆಧಾರ: ಪಾತ್ರೆ ಸುಡುವ ಗೂಡಿನ ತಾಪವನ್ನು ತಾನೇ ಗೆರೆಯಾಗಿ ಬರೆಯುವ ಯಂತ್ರದ ಕಾಗದದ ಸುರುಳಿ, ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಸುರುಳಿಯನ್ನು ಬಿಚ್ಚಿದ್ದು ಇಂದು. ಅಲ್ಲಿಯವರೆಗೆ ಆ ದಿನ ನನ್ನಲ್ಲಿ ಹೇಗೆ ಉಳಿದಿತ್ತೋ ಅದನ್ನು ಮೊದಲು ಬರೆಯುತ್ತೇನೆ.

ತುಮಕೂರಿನ ಅಂಚಿನ ಆ ಶೆಡ್ಡಿನಲ್ಲಿ ಇದ್ದದ್ದು ಒಂದೇ ವಿದ್ಯುತ್ ಗೂಡು. ಅದರ ಯಜಮಾನ, ಕುಣಿಗಲ್ ಕಡೆಯವನು, ಲೋಹ ಕರಗಿಸುವ ಮೂಸೆಗಳನ್ನು ರಾತ್ರಿ ಸುಡುತ್ತಿದ್ದ. ಹಗಲನ್ನು ಗುಬ್ಬಿಯ ಹೆಣ್ಣುಮಗಳೊಬ್ಬಳಿಗೆ ಬಿಟ್ಟುಕೊಟ್ಟಿದ್ದ. ಆಕೆ ಮಾಡಹೊರಟದ್ದು ಉರಿಯ ಮೇಲೆ ನೇರವಾಗಿ ಇಡಬಹುದಾದ ಪಿಂಗಾಣಿಯ ರೊಟ್ಟಿ ಕಾವಲಿ. ಬಿಸಿಗೆ ಬಹುತೇಕ ಹಿಗ್ಗದ ಮೈ ಅದಕ್ಕೆ ಬೇಕು. ಜೇಡಿಮಣ್ಣು, ಬಳಪದ ಕಲ್ಲು, ಅಲ್ಯುಮಿನಾ ಎಂಬ ಬಿಳಿ ಪುಡಿ ಬೆಂಕಿಯಲ್ಲಿ ಕೂಡಿ ಕಾರ್ಡಿಯರೈಟ್ ಎಂಬ ಹರಳಾದರೆ ಅದು ಸಿದ್ಧಿಸುತ್ತದೆ. ಆ ಹರಳಿಗೆ ಅವಸರ ಸೇರದು. ಆಕೆಗಿದ್ದದ್ದು ಹಗಲು ಮಾತ್ರ. ಬೆಳಿಗ್ಗೆ ಇಟ್ಟದ್ದು ಸಂಜೆಗೆ ಹೊರಬರದಿದ್ದರೆ ಕಾವಲಿಯ ಆಸೆಯನ್ನೇ ಕೈಬಿಡಬೇಕಿತ್ತು. ಪಿಂಗಾಣಿ ಕಾರ್ಖಾನೆಯಿಂದ ನಿವೃತ್ತನಾದ ನಾನು ಮಿಶ್ರಣದ ಸಲಹೆಗಾಗಿ ಅಲ್ಲಿಗೆ ಹೋಗುತ್ತಿದ್ದೆ.

ಬೇಗ ಕಾಯಿಸಿದಾಗಲೆಲ್ಲ ಕಾವಲಿ ಸೀಳುತ್ತಿತ್ತು. ಮಣ್ಣಿನೊಳಗೆ ಅಡಗಿದ ನೀರಿಗೆ ಹೊರಹೋಗಲು ಬಿಡುವು ಸಿಗುತ್ತಿರಲಿಲ್ಲ. ಆದ್ದರಿಂದ ಮಣ್ಣಿನ ಅರ್ಧ ಪಾಲನ್ನು ಮೊದಲೇ ಸುಟ್ಟು, ನುಣ್ಣಗೆ ಅರೆದು, ಉಳಿದ ಹಸಿಮಣ್ಣಿಗೆ ಬೆರೆಸಿದೆವು. ಆ ಸೋಮವಾರ ಗೂಡಿನೊಳಗಿದ್ದವು ಆ ಬೆರಕೆಯ ಕಾವಲಿಗಳು.

ಶೆಡ್ಡಿನಲ್ಲೊಂದು ರೂಢಿಯಿತ್ತು. ಹೊಸ ಬೆರಕೆಯ ಮೊದಲ ಪಾತ್ರೆ ತಣ್ಣಗಾದ ಮೇಲೆ ಅದಕ್ಕೆ ವಿಭೂತಿ ಬಳಿದು, ತೆಂಗಿನಕಾಯಿ ಒಡೆದು, ಕಾಯಿನೀರನ್ನು ಅದರ ಮೇಲೆ ಸುರಿಯುತ್ತಿದ್ದರು. ಆಕೆ ನಿಟ್ಟೂರಿನ ತವರಿನಿಂದ ಕಾಯಿ ತಂದಿದ್ದಳು.

“ಸಂಜೆ ಆಯ್ತು ಕಣಮ್ಮ. ನನ್ ಮೂಸೆಗಳು ಕಾಯ್ಕೊಂಡು ಕೂತವೆ,” ಎಂದ ಯಜಮಾನ.

“ಕೂತಿರ್ಲಿ ಬುಡಣ್ಣ. ಅವೇನು ಕುಣಿಗಲ್ ಬಸ್ ಹಿಡೀಬೇಕಾ?”

“ಇನ್ನೂ ಸುಡ್ತಾ ಅದೆ. ನೀರು ಬಿದ್ರೆ ಸೀಳೋಗ್ತದೆ.”

“ಸೀಳಿದ್ರೆ ನಾಳೆಯಿಂದ ಹಗಲೂ ನಿಂದೇ. ಕಾಯಿ ಕೊಡು ಇತ್ಲಾಗೆ.”

ಆಕೆ ಬಾಗಿಲು ತೆರೆದಳು. ಓರೆಬಿಸಿಲಿನಲ್ಲಿ ಮಣ್ಣಿನ ಧೂಳು ತೇಲುತ್ತಿತ್ತು. ಶೆಡ್ಡೇ ನೆಲ ಬಿಟ್ಟು ಮೆಲ್ಲನೆ ಎದ್ದಂತಿತ್ತು. ಇಕ್ಕಳದಿಂದ ಕಾವಲಿಯನ್ನು ಎತ್ತಿ ಇಟ್ಟಿಗೆಯ ಮೇಲಿಟ್ಟು ಕಾಯಿನೀರು ಸುರಿದಳು. ಆವಿ ಎದ್ದು ಆಕೆಯ ಮುಖ ಮರೆಯಾಯಿತು. ಸಿಹಿಯಾದ, ತುಸು ಸೀದ ವಾಸನೆ. ಸೀಳುವ ಸದ್ದಿಗಾಗಿ ಮೂವರೂ ಕಿವಿಗೊಟ್ಟೆವು. ಬರಲಿಲ್ಲ. ಇಕ್ಕಳದ ತುದಿಯಿಂದ ಆಕೆ ತಟ್ಟಿದಾಗ ಕಾವಲಿ ಗಂಟೆಯಂತೆ ನುಡಿಯಿತು, ಆ ನುಡಿ ಆವಿಯೊಳಗೇ ಬಹಳ ಹೊತ್ತು ನಿಂತಿತ್ತು.

“ಹಗಲು ನಂದೇ ಕಣಣ್ಣ,” ಎಂದಳು ಮರೆಯಿಂದ.

ಸುರುಳಿಯ ಗೆರೆ ಬೆಳಿಗ್ಗೆಯಿಂದ ಕಡಿದಾಗಿ ಏರುತ್ತದೆ. ಅಷ್ಟು ನನ್ನ ನೆನಪಿಗೆ ಹೊಂದುತ್ತದೆ. ಮುಂದಿನ ವಾರದ ಸುರುಳಿಗಳಲ್ಲಿ, ಸಂಜೆ ಬಾಗಿಲು ತೆರೆದೊಡನೆ ಗೆರೆ ಥಟ್ಟನೆ ಕುಸಿದು, ಮೂಸೆಗಳ ಸರದಿಗಾಗಿ ಮತ್ತೆ ಏರುತ್ತದೆ. ಹಗಲು ಆಕೆಗೆ ದಕ್ಕಿದ್ದು ನಿಜ. ಆದರೆ ಫೆಬ್ರುವರಿ ೧೧ರ ಗೆರೆ ಎಲ್ಲಿಯೂ ಹಾಗೆ ಕುಸಿಯುವುದಿಲ್ಲ, ಆ ಸಂಜೆ ಬಾಗಿಲು ತೆರೆದೇ ಇಲ್ಲ. ಮುಚ್ಚಿದ ಬಾಗಿಲ ಹಿಂದೆ ಅದು ಇಡೀ ರಾತ್ರಿ ಮೆಲ್ಲಮೆಲ್ಲನೆ ಇಳಿದು, ಮಂಗಳವಾರ ಬೆಳಿಗ್ಗೆ ಕೈಯಿಡಬಹುದಾದ ಬೆಚ್ಚನೆಯ ಕಾವಿಗೆ ಬಂದು ನಿಲ್ಲುತ್ತದೆ. ಆ ರಾತ್ರಿ ಮೂಸೆಗಳು ಒಳಗೆ ಹೋಗಿಲ್ಲ. ಸಂಜೆಯಾಯಿತೆಂದು ರೇಗಿಸಿದವನೇ ತನ್ನ ಸರದಿಯನ್ನು ಬಿಟ್ಟುಕೊಟ್ಟಿರಬೇಕು. ಕಾಯಿ ಒಡೆದದ್ದು ಮಂಗಳವಾರ ಬೆಳಿಗ್ಗೆಯೇ ಇರಬೇಕು. ಅಷ್ಟು ತಣಿದ ಕಾವಲಿಯ ಮೇಲೆ ಕಾಯಿನೀರು ಆವಿಯಾಗದು.