ಅವ್ವನ ಹಾಡಿಗೆ ಫ್ಯಾನಿನ ಶ್ರುತಿ

ಮಣಿಕೊಂಡದ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಒಂದು ಕಂಪ್ಯೂಟರ್ ಅರಚಿತು. ಸ್ವಿಚ್ ಹಾಕಿದ ಗಳಿಗೆಯಿಂದ ಆರಿಸುವ ತನಕ ಅದರ ಹೊಟ್ಟೆಯೊಳಗಿನ ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಕೆಳಗಿನ ಮನೆಯ ಆಂಟಿ ಮೆಟ್ಟಿಲಲ್ಲಿ ನನ್ನನ್ನು ತಡೆದು, “ಏಮಂಡಿ, ಪೊದ್ದುನ್ನಿಂಚಿ ಮಿಕ್ಸೀ ವೇಸ್ತುನ್ನಾರಾ?” ಎಂದು ತೆಲುಗಿನಲ್ಲಿ ಕೇಳಿದರು. ಬೆಳಗಿನಿಂದ ಯಾರಾದರೂ ಮಿಕ್ಸಿ ಹಾಕುತ್ತಾರೆಯೇ! ನಾನು ಹಲ್ಲು ಕಿರಿದು, “ಚಟ್ನಿ” ಎಂದು ಹೇಳಿ ಮೇಲೆ ಬಂದೆ.

ತಪ್ಪು ನನ್ನದೇ. ನನ್ನ ಕೈ ಸುಮ್ಮನಿರುವುದಿಲ್ಲ. ಹಿಂದಿನ ಮೂರು ಕಂಪ್ಯೂಟರುಗಳಲ್ಲಿ ಸಿಸ್ಟಮ್ಮಿನ ಫೈಲುಗಳನ್ನು ಕೆದಕಿ ಕೆದಕಿ, ಅವು ಮತ್ತೆ ಮೇಲೇಳದಂತೆ ಮಾಡಿದ್ದೆ. ಹಾಗಾಗಿ ಈ ಸಲ ಬೀಗ ಹಾಕಿದಂಥ ಒಂದು ಲಿನಕ್ಸ್ ಸಿಸ್ಟಮ್ ಹಾಕಿಕೊಂಡೆ. ಅದರ ಮೂಲ ಫೈಲುಗಳನ್ನು ನೋಡಬಹುದು, ಮುಟ್ಟುವಂತಿಲ್ಲ. ಅಪ್‌ಡೇಟ್ ಬಂದರೆ ಇಡೀ ಸಿಸ್ಟಮ್ಮಿನ ಹೊಸ ಪ್ರತಿಯೊಂದು ಪಕ್ಕದಲ್ಲಿ ತಯಾರಾಗುತ್ತದೆ, ರೀಸ್ಟಾರ್ಟ್ ಮಾಡಿದರೆ ಹೊಸದರಲ್ಲಿ ಏಳುತ್ತದೆ, ಹಳೆಯದು ಹಾಗೇ ಉಳಿದಿರುತ್ತದೆ. ಎಲ್ಲ ಚೆಂದವೇ. ಆದರೆ ಸಿಸ್ಟಮ್ಮಿನ ಯಜಮಾನ ಕರ್ನಲ್, ಅದಕ್ಕೆ ನನ್ನ ಫ್ಯಾನಿನ ಭಾಷೆ ಬರುತ್ತಿರಲಿಲ್ಲ. ಆ ಭಾಷೆ ಕಲಿಸುವ ಮಾಡ್ಯೂಲ್ ಎಂಬ ಸಣ್ಣ ತುಂಡನ್ನು ನಾನೇ ಕಟ್ಟಿ ಸೇರಿಸಬೇಕಿತ್ತು. ಸೋಮಾರಿ ನಾನು, ಹೆಡ್‌ಫೋನ್ ಹಾಕಿಕೊಂಡು ಕಾಲ ತಳ್ಳಿದೆ.

ಅಷ್ಟರಲ್ಲಿ ರಾಯಚೂರಿನಲ್ಲಿ ಚಿಗವ್ವನ ಮೊಮ್ಮಗಳ ಮದುವೆ ಗೊತ್ತಾಯಿತು. ಚಿಗವ್ವ ಎಂದರೆ ಅವ್ವನ ತಂಗಿ. ಆ ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಅವ್ವ, “ನಿನ್ನ ಅರಿಷಿಣಕ್ಕ ನಾನೇ ಹಾಡತೀನಿ” ಎಂದು ಮಾತು ಕೊಟ್ಟಿದ್ದಳು. ಅರಿಷಿಣದ ಹಾಡು ಪೂರ್ತಿ ಬರುವುದು ಈಗ ನಮ್ಮ ಬಳಗದಲ್ಲಿ ಅವ್ವನಿಗೊಬ್ಬಳಿಗೇ. ಆದರೆ ಮೊಣಕಾಲು ಕೈಕೊಟ್ಟಿತ್ತು. ರೈಲು ಹಿಡಿಯಲು ಕಾಚಿಗೂಡದ ಸ್ಟೇಷನ್ನಿನ ಮೆಟ್ಟಿಲು ಹತ್ತುವ ಮಾತೇ ಬೇಡ ಎಂದರು ಡಾಕ್ಟರು. ಅವ್ವ ಕಟ್ಟಿಟ್ಟಿದ್ದ ಚೀಲ ಬಿಚ್ಚಿ, ಇಳಕಲ್ ಸೀರೆಯನ್ನು ಮತ್ತೆ ಪೆಟ್ಟಿಗೆಗೆ ಹಾಕಿದಳು. ಅದನ್ನು ನೋಡಿ ನಾನು, “ಕಂಪ್ಯೂಟರಿನಾಗ ಹಾಡವ್ವ. ಅಲ್ಲಿ ಸ್ಪೀಕರ್ ಹಚ್ಚತಾರ, ಎಲ್ಲಾರಿಗೂ ಕೇಳತೈತಿ” ಎಂದೆ. ಅವತ್ತಿನಿಂದ ಅವ್ವ ದಿನಾ ನನ್ನ ಕೋಣೆಯ ಮಂಚದ ಮೇಲೆ ಕೂತು, ನಾನು ಕೆಲಸ ಮಾಡುವಾಗಲೇ, ಹಾಡನ್ನು ತಿದ್ದಿಕೊಳ್ಳತೊಡಗಿದಳು.

ಅರಿಷಿಣದ ಹಿಂದಿನ ದಿನ ಮಧ್ಯಾಹ್ನ ಚಿಗವ್ವನಿಗೆ ವಿಡಿಯೋ ಕಾಲ್ ಹಚ್ಚಿ ಪರೀಕ್ಷೆ ಮಾಡಿದೆವು. ಅವ್ವ ಎರಡು ಸಾಲು ಹಾಡಿದ್ದೇ ತಡ, ಚಿಗವ್ವ ಕೂಗಿದಳು, “ಅಕ್ಕಾ, ಹಿಟ್ಟಿನ ಗಿರಣ್ಯಾಗ ಕುಂತೀಯೇನ?” ಗದ್ದಲ ಸೋಸುವ ಗುಂಡಿ ಒತ್ತಿದೆ. ಅದು ಫ್ಯಾನಿನ ಜೊತೆ ಅವ್ವನ ಆಲಾಪವನ್ನೂ ನುಂಗಿ ನೀರು ಕುಡಿಯಿತು. ಅವ್ವನ ಮುಖ ಸಣ್ಣದಾಯಿತು.

“ಫೋನಿನಾಗ ಮಾಡ್ರಿ, ಮುಗೀತು” ಎಂದಳು ನನ್ನ ಹೆಂಡತಿ.

ಫೋನಿನಲ್ಲಂತೆ! ಹದಿನೈದು ವರ್ಷ ಕಂಪ್ಯೂಟರಿನಲ್ಲಿ ಅನ್ನ ತಿಂದವನ ಮನೆಯಲ್ಲಿ! ನನಗೆ ಉರಿದು ಹೋಯಿತು. ಕೂತೆ. ಮೂಲ ಸಿಸ್ಟಮ್ಮಿಗೆ ಬೀಗವಿರುವುದರಿಂದ ಬೇರೊಂದು ಡಬ್ಬಿಯಂಥ ಜಾಗದಲ್ಲಿ ಮಾಡ್ಯೂಲ್ ಕಟ್ಟಿ, ನನ್ನ ಸ್ವಂತ ಫೋಲ್ಡರಿನಲ್ಲಿ ಇಟ್ಟುಕೊಂಡೆ. ಇನ್ನು ಲೋಡ್ ಮಾಡುವುದೊಂದೇ ಬಾಕಿ. ಆದರೆ ಯಾವ ಒಳ್ಳೆಯ ಕೆಲಸಕ್ಕೂ ಮುಂಚೆ ಅಪ್‌ಡೇಟ್ ಮಾಡುವುದು ನನ್ನ ಪದ್ಧತಿ, ಪೂಜೆಗೆ ಮುಂಚೆ ಸ್ನಾನ ಮಾಡಿದ ಹಾಗೆ. ಮಾಡಿದೆ. ರೀಸ್ಟಾರ್ಟ್ ಆಯಿತು. ಮಾಡ್ಯೂಲ್ ಲೋಡ್ ಮಾಡಲು ಹೋದರೆ ಕರ್ನಲ್ ಒಲ್ಲೆ ಅಂದಿತು. ಮತ್ತೆ ಹೇಳಿದೆ, ಒಲ್ಲೆ. ಬೈದೆ, ಒಲ್ಲೆ. ಸಂಜೆಯವರೆಗೂ ಒಲ್ಲೆ.

ಮರುದಿನ ಹನ್ನೊಂದಕ್ಕೆ ಅರಿಷಿಣ. ಹತ್ತೂಕಾಲಾದರೂ ನಾನು ಅದೇ ಆಜ್ಞೆಯನ್ನು ಕುಟ್ಟುತ್ತಲೇ ಇದ್ದೆ. ಹೆಂಡತಿ ಚಹಾ ತಂದಿಟ್ಟು, “ಏನಂತೈತ್ರಿ ಅದು?” ಎಂದು ಕೇಳಿದಳು.

“ಈ ಮಾಡ್ಯೂಲ್ ಬ್ಯಾರೆ ಕರ್ನಲ್ಲಿಂದು ಅಂತೈತಿ. ಹುಚ್ಚು ಹಿಡದೈತಿ ಅದಕ್ಕ. ನಿನ್ನೆ ಇದರಾಗೇ ಕುಂತು ಕಟ್ಟೀನಿ.”

“ಕಟ್ಟಿದ ಮ್ಯಾಲೆ ಅಪ್‌ಡೇಟ್ ಮಾಡಿದ್ರಲ್ಲ? ಕರ್ನಲ್ಲೂ ಹೊಸದು ಬಂದಿರಬೇಕಲ್ಲ?”

ನಾನು ಕೀಬೋರ್ಡಿನಿಂದ ಕೈ ತೆಗೆದೆ.

“ಒಬ್ಬರ ಅಳತಿ ತಗೊಂಡು ಇನ್ನೊಬ್ಬರಿಗೆ ಅಂಗಿ ತೊಡಸಾಕತ್ತೀರಿ” ಎಂದಳು. “ಹಳೇದು ಹಾಂಗೇ ಇರತೈತಿ ಅಂತ ನೀವೇ ಹೇಳತಿರ್ತೀರಿ. ಅದಕ್ಕ ಹೋಗ್ರಿ.”

ಮರ್ಯಾದೆ ಹೋದರೆ ಹೋಗಲಿ ಎಂದು ರೀಸ್ಟಾರ್ಟ್ ಮಾಡಿ, ಹಳೆಯ ಪ್ರತಿಯನ್ನೇ ಆರಿಸಿಕೊಂಡೆ. ಮಾಡ್ಯೂಲ್ ಸೊಲ್ಲೆತ್ತದೆ ಒಳಗೆ ಹೋಗಿ ಕೂತಿತು. ಸೊನ್ನೆಯಿಂದ ಇನ್ನೂರ ಐವತ್ತೈದರೊಳಗೆ ಒಂದು ಸಂಖ್ಯೆ ಬರೆದರೆ ಫ್ಯಾನು ಅಷ್ಟು ವೇಗಕ್ಕೆ ತಿರುಗಬೇಕು. ನಲವತ್ತು ಎಂದು ಬರೆದೆ. ಹಾ! ನಾಲ್ಕು ತಿಂಗಳ ಮೇಲೆ ಮನೆಯಲ್ಲಿ ಕಿಟಕಿಯಾಚೆಯ ಪಾರಿವಾಳದ ಸದ್ದು ಕೇಳಿಸಿತು. ನಾನು ಕುರ್ಚಿ ಬಿಟ್ಟೆದ್ದು ಕುಣಿದೆ.

ಗಡಿಯಾರದಲ್ಲಿ ಹತ್ತೂ ಮುಕ್ಕಾಲು. ಅವ್ವ ಇಳಕಲ್ ಸೀರೆಯುಟ್ಟು ಬಂದು ಮಂಚದ ಮೇಲೆ ಕೂತು ಹಾಡಲು ಬಾಯಿ ತೆರೆದಳು. ದನಿ ತೀರ ಕೆಳಗೆ ಹೋಯಿತು. ಮತ್ತೆ ಶುರು ಮಾಡಿದಳು. ಮೇಲೆ ಹೋಗಿ ಮೂರನೆಯ ಸಾಲಿಗೆ ಗಂಟಲು ಒಡೆಯಿತು.

“ತಮ್ಮಾ, ಅದನ್ನ ಯಾಕ ಆರಿಸಿದಿ?”

“ಆರಿಸಿಲ್ಲವ್ವ. ಚಾಲೂ ಐತಿ. ಶಾಂತ ಆಗೈತಿ.”

“ಶಾಂತ ಆಗು ಅಂತ ಅದಕ್ಯಾರು ಹೇಳಿದ್ರು? ನಾ ಅದರ ದನಿ ಹಿಡಿದೇ ಹಾಡಾಕತ್ತಿದ್ನಲ್ಲೋ!” ಅವ್ವನ ಕಣ್ಣಲ್ಲಿ ನೀರು. “ಇಷ್ಟ ದಿನ ಅದು ಹಿಂದ ನಿಂತಿತ್ತು. ಈಗ ಎಲ್ಲಿಂದ ಎತ್ತಲಿ? ಮಂದ್ಯಾಗ ನಗಿಪಾಟಲಾಗತೀನಿ.”

ಅಯ್ಯೋ ದೇವರೇ! ಪೂರ್ತಿ ವೇಗಕ್ಕೆ ಬಿಟ್ಟರೆ ಹಿಟ್ಟಿನ ಗಿರಣಿ, ನಿಲ್ಲಿಸಿದರೆ ಅವ್ವನ ಹಾಡೇ ಇಲ್ಲ. ನನಗೆ ಸಂಗೀತದ ಗಂಧಗಾಳಿಯಿಲ್ಲ. ಆದರೆ ಈಗ ನನ್ನ ಕೈಯಲ್ಲಿ ಮಾಡ್ಯೂಲ್ ಇತ್ತಲ್ಲ! ಎಂಬತ್ತು ಎಂದು ಬರೆದೆ.

ಅವ್ವ ಕಿವಿಗೊಟ್ಟಳು. “ಏರಸು.”

ನೂರಾ ಹತ್ತು.

“ಭಾಳ ಆತು. ಇಳಸು.”

ತೊಂಬತ್ತು. “ಒಂದೀಟು ಏರಸು.” ತೊಂಬತ್ತಾರು. ಅವ್ವ ಕಣ್ಣು ಮುಚ್ಚಿದಳು. “ಹಾಂ, ಇದ ನೋಡು. ಅದೇ ದನಿ, ಅರ್ಧ ಕೆಳಗ ಇಳದು ಕುಂತೈತಿ. ಕೈ ತಗೀಬ್ಯಾಡ.” ಕೈ ತೆಗೆದರೂ ಅದು ತೊಂಬತ್ತಾರರಲ್ಲೇ ಇರುತ್ತದೆ. ಆದರೂ ನಾನು ತೆಗೆಯಲಿಲ್ಲ.

ಹನ್ನೊಂದಕ್ಕೆ ಕರೆ ಬಂತು. ಗದ್ದಲ ಸೋಸುವ ಗುಂಡಿಯನ್ನು ಈ ಸಲ ನಾನು ಮುಟ್ಟಲಿಲ್ಲ. ಅವ್ವ ಹಾಡಿದಳು. ಒಂದು ಸಾಲೂ ತಪ್ಪಲಿಲ್ಲ, ಒಂದು ಕಡೆಯೂ ಗಂಟಲು ಒಡೆಯಲಿಲ್ಲ. ಆ ಕಡೆ ಹೆಣ್ಣುಮಕ್ಕಳು ಅರಿಷಿಣ ಹಚ್ಚುವುದನ್ನು ಬಿಟ್ಟು ಸ್ಪೀಕರಿನ ಕಡೆ ತಿರುಗಿ ಕೂತಿದ್ದರು. ಹುಡುಗಿ ಕಣ್ಣೊರೆಸಿಕೊಳ್ಳಲು ಹೋಗಿ ಕಣ್ಣೊಳಗೂ ಅರಿಷಿಣ ಮಾಡಿಕೊಂಡಳು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ.

ಹಾಡು ಮುಗಿದ ಮೇಲೆ ಚಿಗವ್ವ ಮೊಬೈಲಿನ ಹತ್ತಿರ ಮುಖ ತಂದಳು. “ಅಕ್ಕಾ, ಹಿಂದ ಶ್ರುತಿ ಪೆಟ್ಟಿಗಿ ಯಾರು ನುಡಸಾಕತ್ತಾರ? ಭಾಳ ಚಂದ ಕೂಡೇತಿ.”

ನಾನು ಏನು ಕೆಲಸ ಮಾಡುತ್ತೇನೆ ಎಂದು ಯಾರು ಕೇಳಿದರೂ ಅವ್ವ ಇಷ್ಟು ವರ್ಷ, “ಏನೋ ಕಂಪ್ಯೂಟರ್ ಮುಂದ ಕುಂದರತಾನವ್ವ” ಎಂದು ಮಾತು ಮುಗಿಸುತ್ತಿದ್ದಳು. ಈಗ ಸೀರೆಯ ಸೆರಗು ಸರಿಮಾಡಿಕೊಂಡು, ನನ್ನ ಕಡೆ ಕೈ ತೋರಿಸಿದಳು.

“ಮತ್ಯಾರು, ನನ್ನ ಮಗ.”

ತೆರೆಯ ಮೂಲೆಯಲ್ಲಿ ಹೊಸ ಅಪ್‌ಡೇಟ್ ಸಿದ್ಧವಾಗಿದೆ ಎಂಬ ಸೂಚನೆ ಮೂಡಿತು. ನನ್ನ ಜೀವಮಾನದಲ್ಲಿ ಮೊದಲ ಸಲ ಬೇಡ ಎಂದು ಒತ್ತಿದೆ.